ಪರದೆಗೆ ಕಂಬಳಿ ಹೊದಿಸಿದ ಬಿರಾದಾರ ಸರ್

ಆಗುವುದಿಲ್ಲ ಎಂದು ಮೊದಲು ಹೇಳಿದವನು ನಮ್ಮ ದೊಡ್ಡಪ್ಪ ಅಮೋಗೆಪ್ಪ. ಕುರಿ ಕಾಯುವ ನಮ್ಮ ಮನೆತನದಲ್ಲಿ ಒಬ್ಬ ಬಿ.ಎ. ಮುಗಿಸುವುದು ಆಗುವ ಮಾತಲ್ಲ ಎಂದ. ಹೊಡೆದಾಟ ಇಲ್ಲದ, ಹಾಡು ಇಲ್ಲದ, ಒಂದಕ್ಷರ ತಿಳಿಯದ ಜಪಾನಿ ಸಿನಿಮಾವನ್ನು ಸಿಂದಗಿಯ ಜನ ಕಡೆಯತನಕ ಕೂತು ನೋಡುವುದಂತೂ ಅದಕ್ಕಿಂತಲೂ ಆಗದ ಮಾತು ಎಂದ. ಎರಡರಲ್ಲಿ ಒಂದಾದರೂ ಮೀಸೆ ಬೋಳಿಸಿಕೊಳ್ಳುವುದಾಗಿ ಊರ ಕಟ್ಟೆಯ ಮೇಲೆ ಎಲ್ಲರೆದುರು ಹೇಳಿದ್ದ. ಎರಡೂ ಆದವು. ಮೀಸೆ ಮಾತ್ರ ಅವನಿರುವತನಕ ಇತ್ತು.

ಎರಡನ್ನೂ ಆಗಿಸಿದವರು ಸಿಂದಗಿಯ ನಮ್ಮ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದ ಬಿರಾದಾರ ಸರ್. ಅವರನ್ನು ನೆನೆದರೆ ಇವತ್ತಿಗೂ ನನ್ನ ಕಣ್ಣಿಗೆ ಮೊದಲು ಬರುವುದು ಅವರ ಬೆನ್ನು. ಕಾಲೇಜಿನ ದೊಡ್ಡ ಕೋಣೆಯ ಗೋಡೆಗೆ ಬಿಳಿ ಪರದೆ ಬಿಗಿದಿದೆ. ಧೋತರ ಉಟ್ಟು ಬಿಳಿ ಅಂಗಿ ತೊಟ್ಟ ಎತ್ತರದ ಆಳೊಬ್ಬರು ನಮ್ಮ ಕಡೆ ಬೆನ್ನು ಮಾಡಿ, ಮೊಣಕಾಲೂರಿ, ಆ ಪರದೆಯ ಕೆಳಗಿನ ಅಂಚಿಗೆ ಒಂದು ಕರಿ ಕಂಬಳಿಯನ್ನು ಅಡ್ಡಲಾಗಿ ಕಟ್ಟುತ್ತಿದ್ದಾರೆ. ಪರದೇಶದ ಸಿನಿಮಾದಲ್ಲಿ ಪಾತ್ರಗಳು ಆಡುವ ಮಾತನ್ನು ಕೆಳಗೆ ಇಂಗ್ಲಿಷಿನಲ್ಲಿ ಬರೆದು ತೋರಿಸುತ್ತಾರಲ್ಲ, ಆ ಅಕ್ಷರ ಬೀಳುವ ಜಾಗವನ್ನು ಕಂಬಳಿ ಪೂರ್ತಿ ನುಂಗಬೇಕು. ಕಟ್ಟಿ ಮುಗಿದ ಮೇಲೆ ಎದ್ದು, ಕೈ ಝಾಡಿಸಿಕೊಂಡು, ಸಲಸಲಕ್ಕೂ ಅದೇ ಮಾತು: “ಓದಬ್ಯಾಡ್ರಿ. ನೋಡ್ರಿ.”

ಸರ್ ಬಸವನ ಬಾಗೇವಾಡಿ ಹತ್ತಿರದ ಇಂಗಳೇಶ್ವರದವರು. ಹೊಲಮನೆ ಇದ್ದ ಗಟ್ಟಿ ಕುಳ. ಪುಣೆಯಲ್ಲಿ ಎಂ.ಎ. ಓದುವಾಗ ಅಲ್ಲಿನ ಯಾವುದೋ ಸಿನಿಮಾ ಸಂಘಕ್ಕೆ ಸೇರಿ, ಜಪಾನದ್ದು, ಬಂಗಾಲದ್ದು ಎಂದು ನಮ್ಮ ಕಡೆಯ ಟಾಕೀಸಿಗೆ ಎಂದೂ ಬಾರದ ಚಿತ್ರಗಳನ್ನು ನೋಡಿ ಬಂದಿದ್ದರು. ಆ ರುಚಿ ಅವರನ್ನು ಬಿಡಲಿಲ್ಲ. ಮದುವೆ ಆಗಲಿಲ್ಲ. ಗಂಡನನ್ನು ಕಳೆದುಕೊಂಡಿದ್ದ ಅವರ ಅಕ್ಕ ಗಂಗಕ್ಕ, ಸಿಂದಗಿಯ ಬಾಡಿಗೆ ಮನೆಯಲ್ಲಿ ಅವರಿಗೆ ರೊಟ್ಟಿ ಬಡಿದು ಹಾಕುತ್ತಿದ್ದಳು. ತಮ್ಮನ ಲಗ್ನದ ಮಾತು ಬಂದಾಗಲೆಲ್ಲ ಅವಳದೊಂದು ದೂರಿತ್ತು. “ಇವಗ ಹೆಣ್ಣ ತೋರಸಾಕ ಕರಕೊಂಡ ಹೋಗಿದ್ವಿ. ಹುಡಗೀನ ನೋಡಿಲ್ಲ, ಆಕೀ ಹಿಂದಿನ ಕಿಡಕ್ಯಾಗಿನ ಬೆಳಕ ನೋಡಿ ಬಂದಾನ” ಎನ್ನುವಳು. ಸರ್ ತಾಟಿನಿಂದ ತಲೆ ಎತ್ತದೆ, “ಬೆಳಕ ಚೊಲೊ ಇತ್ತಕ್ಕ” ಎನ್ನುವರು.

ಪಾಠದಲ್ಲೂ ಅದೇ ಚಾಳಿ. ಆದಿಲಶಾಹಿಗಳ ಲಡಾಯಿ ಜೋರಾಗಿ ನಡೆದಿರುವಾಗ ಕಿಟಕಿಯ ಸರಳಿನ ನೆರಳು ಎದುರಿನ ಗೋಡೆಗೆ ಬಂದರೆ ಸರ್ ಗಪ್ಪನೆ ನಿಲ್ಲುವರು. ನಾವೂ ನೋಡಬೇಕು. ಆ ನೆರಳು ಮೆಲ್ಲಗೆ ಜರುಗಿ ಕರಿಹಲಗೆ ದಾಟುವತನಕ ಲಡಾಯಿ ಬಂದ್. ಹುಡುಗರಿಗೆ ಇದು ಬಿಟ್ಟಿ ಸೂಟಿ. ನನಗೆ ಮಾತ್ರ ಮೊದಮೊದಲು ಸಿಟ್ಟು ಬರುತ್ತಿತ್ತು. ಭೀಮಾ ದಂಡೆಯ ಆಲಮೇಲದ ಕಡೆಯಿಂದ, ಮನೆಯವರ ಮಾತು ಮೀರಿ ಓದಲು ಬಂದವನು ನಾನು. ನೆರಳು ನೋಡುವುದಾಗಿದ್ದರೆ ಕುರಿಯ ಹಿಂದೆಯೇ ಇರಬಹುದಿತ್ತಲ್ಲ ಎನಿಸುತ್ತಿತ್ತು.

ನನ್ನ ಸಿಟ್ಟು ಇಳಿದದ್ದು ಕಂಬಳಿಯಿಂದ. ಸರ್ ಕಾಲೇಜಿನಲ್ಲಿ ಒಂದು ಚಿತ್ರಮಂಡಳ ಕಟ್ಟಿದರು. ಸಿನಿಮಾ ತೋರಿಸುವ ಸಣ್ಣ ಮಶಿನ್ನನ್ನು ವಿಜಾಪುರದಿಂದ ಎರವಲು ತಂದರು. ರವಿವಾರ ಮಧ್ಯಾಹ್ನ ತೋರಿಸಬೇಕು, ಆದರೆ ಕೋಣೆಯಲ್ಲಿ ಕತ್ತಲೆ ಇಲ್ಲ. ಕಿಟಕಿಗಳಿಗೆಲ್ಲ ಕಟ್ಟಲು ಕರಿ ಕಂಬಳಿ ಯಾರ ಮನೆಯಲ್ಲಿವೆ ಎಂದು ತರಗತಿಯಲ್ಲಿ ಕೇಳಿದರು. ಎಲ್ಲರೂ ನನ್ನ ಕಡೆ ಹೊರಳಿ ನಕ್ಕರು. ನಾನು ಎದ್ದು ನಿಂತೆ. ಸರ್ ನಗಲಿಲ್ಲ.

“ಎಷ್ಟ ಅದಾವಪಾ?”

“ನಿಮಗ ಎಷ್ಟ ಬೇಕ್ರಿ?”

ಕಾಲೇಜಿಗೆ ಬಂದ ಮೇಲೆ, ನಮ್ಮ ಮನೆಯಲ್ಲಿ ಇದ್ದದ್ದು ಒಬ್ಬರಿಗೆ ಬೇಕಾದದ್ದು ಅದೇ ಮೊದಲು.

ಸಿನಿಮಾದ ಡಬ್ಬಿ ಪುಣೆಯಿಂದ ರೈಲಿನಲ್ಲಿ ಇಂಡಿ ರೋಡ್ ಸ್ಟೇಷನ್ನಿಗೆ ಬರುತ್ತಿತ್ತು. ತರಲು ಸರ್ ಜೊತೆ ನಾನೇ ಹೋದೆ. ಇಂಡಿಯಿಂದ ಸಿಂದಗಿಯ ಬಸ್ಸಿನಲ್ಲಿ ಸರ್ ಆ ಡಬ್ಬಿಯನ್ನು ಮೇಲೆ ಹಾಕಲು ಕೊಡದೆ ತೊಡೆಯ ಮೇಲೆ ಇಟ್ಟುಕೊಂಡು ಕೂತರು. ಒಳಗೆ ಏನಿದೆ, ಲಗೇಜು ಹಚ್ಚಬೇಕು ಎಂದು ಕಂಡಕ್ಟರ್ ಗಂಟು ಬಿದ್ದ. “ನೆರಳ ಐತೋ ತಮ್ಮಾ, ತೂಕಾ ಇಲ್ಲ” ಎಂದರು. ಅವನು ಡಬ್ಬಿ ಎತ್ತಿ ನೋಡಿ, ನೆರಳು ಭಾಳ ಒಜ್ಜೆ ಐತಿ ಎಂದು ಚೀಟಿ ಹರಿದೇ ಕೊಟ್ಟ.

ದೊಡ್ಡಪ್ಪ ಕಂಬಳಿಗಳ ಜೊತೆ ತಾನೂ ಬಂದ. ಸಿನಿಮಾ ನೋಡಲಿಕ್ಕಲ್ಲ, ಕಂಬಳಿ ಕಾಯಲಿಕ್ಕೆ. ಕಲಿತ ಮಂದಿಯ ಕೈಗೆ ಹೋದ ವಸ್ತು ತಿರುಗಿ ಬರುವುದಿಲ್ಲ ಎಂಬುದು ಅವನ ಗಟ್ಟಿ ನಂಬಿಕೆ. ಬಾಗಿಲ ಬಳಿ ಬಡಿಗೆ ಇಟ್ಟುಕೊಂಡು ಕುಕ್ಕರಗಾಲಿನಲ್ಲಿ ಕೂತ. ಕಿಟಕಿ ಮುಚ್ಚಿದ ಮೇಲೆ ಕೋಣೆ ತುಂಬ ಕುರಿಯ ವಾಸನೆ ಆಯಿತು. ಪೇಟೆಯ ಹುಡುಗನೊಬ್ಬ, “ಜಪಾನದಾಗೂ ಕುರಿ ಅದಾವೇನ್ರಿ ಸರ, ವಾಸನಿ ಇಲ್ಲೀತನಕ ಬರಾಕತ್ತೈತಿ” ಎಂದ. ಕೋಣೆ ನಕ್ಕಿತು. ಸರ್ ಕಂಬಳಿಯ ಗಂಟು ಬಿಗಿಯುತ್ತಲೇ, ನಿಮ್ಮ ಟಾಕೀಸಿನ ಪಿಕ್ಚರಿಗೆ ವಾಸನೆಯಾದರೂ ಎಲ್ಲಿದೆ, ಸುಮ್ಮನೆ ಕೂಡು ಎಂದರು.

ಆ ಸಿನಿಮಾ ನನಗೆ ಈಗಲೂ ಬಿಡಿಬಿಡಿಯಾಗಿ ನೆನಪಿದೆ. ಕಪ್ಪು-ಬಿಳುಪು. ಕಾಗದದ ಛತ್ರಿ ಮಾಡುವ ಒಂದು ಹಳೇ ಮನೆ. ಇಬ್ಬರು ಹೆಂಗಸರು, ಒಬ್ಬಳು ಹಿರಿಯಳು, ಒಬ್ಬಳು ಕಿರಿಯಳು. ಬಿದಿರು ಸೀಳುತ್ತಾರೆ, ಅಂಟು ಹಚ್ಚುತ್ತಾರೆ, ಛತ್ರಿಗಳನ್ನು ಅಂಗಳದಲ್ಲಿ ಬಿಚ್ಚಿ ಒಣಗಲು ಇಡುತ್ತಾರೆ. ಮಳೆಯ ಮೋಡ ಬಂದರೆ ಇಬ್ಬರೂ ಓಡಿ ಒಳಗೆ ತರುತ್ತಾರೆ. ಒಂದು ದಿನ ಕಿರಿಯಳು ಬಟ್ಟೆಗಂಟು ಹಿಡಿದು, ಹಿರಿಯಳ ಮುಂದೆ ನೆಲಕ್ಕೆ ತಲೆ ಬಾಗಿ, ಹೊರಟು ಹೋಗುತ್ತಾಳೆ. ಕಡೆಯಲ್ಲಿ ಹಿರಿಯಳು ಒಬ್ಬಳೇ ಅಂಗಳದ ಮೆಟ್ಟಿಲ ಮೇಲೆ ಕೂತಿರುತ್ತಾಳೆ. ಗಾಳಿ ಬರುತ್ತದೆ. ಒಂದು ಛತ್ರಿ ಉರುಳುತ್ತ ಬೇಲಿಯ ಕಡೆ ಹೋಗುತ್ತದೆ. ಅವಳು ಏಳುವುದಿಲ್ಲ. ಮುಗಿಯಿತು. ಅಕ್ಷರ ಮುಚ್ಚಿದ್ದರಿಂದ ಮಾತು ಯಾರಿಗೂ ತಿಳಿಯಲಿಲ್ಲ. ಅಕ್ಕತಂಗಿಯರು, ತಂಗಿಗೆ ಲಗ್ನವಾಗಿ ಗಂಡನ ಮನೆಗೆ ಹೋದಳು ಎಂದು ಎಲ್ಲರೂ ಸೇರಿ ತೀರ್ಮಾನ ಮಾಡಿದೆವು.

ನಡುವೆ ಎದ್ದು ಹೋದವರು ಇದ್ದರು. ಆದರೆ ಕೂತವರು ಕೂತೇ ಇದ್ದರು. ಅವರಲ್ಲಿ ದೊಡ್ಡಪ್ಪನೂ ಒಬ್ಬ. ಬಡಿಗೆ ಮಡಿಲಿಗೆ ಬಿದ್ದದ್ದೂ ಅವನಿಗೆ ಗೊತ್ತಿರಲಿಲ್ಲ. ಕಂಬಳಿ ಬಿಚ್ಚಿ ಮಡಚುವಾಗ ಸರ್ ಹತ್ತಿರ ಹೋಗಿ ನಿಂತ.

“ಮಾಸ್ತರ್ರ, ಒಂದ ಮಾತು. ಆ ಹೆಣ್ಣಮಗಳು ಛತ್ರಿ ಯಾಕ ಹಿಡೀಲಿಲ್ಲ?”

“ನಿಮಗೇನ ಅನಸ್ತು?”

“ಕೈಗೆ ಎಟಕೂವಂಗಽ ಇತ್ರಿ. ಹಿಡೀಬೇಕಾಗಿತ್ತು.” ದೊಡ್ಡಪ್ಪ ತಲೆ ಅಲ್ಲಾಡಿಸಿದ. “ಇಬ್ಬರ ಓಡಿ ಓಡಿ ತರತಿದ್ರು. ಈಗ ಒಬ್ಬಾಕಿ. ಯಾರ ಸಂಗಾಟ ಓಡ್ಬೇಕು ಆಕಿ?”

ಸರ್ ನನ್ನ ಹೆಗಲು ತಟ್ಟಿ, ನಿಮ್ಮ ದೊಡ್ಡಪ್ಪ ಪಾಸಾದ, ಇನ್ನು ನಿನ್ನದು ನೋಡಬೇಕು ಎಂದರು. ದೊಡ್ಡಪ್ಪ ಊರಿಗೆ ಹೋದ ಮೇಲೂ ಆ ಛತ್ರಿಯನ್ನು ಬಿಡಲಿಲ್ಲ. ಕುರಿ ಹಟ್ಟಿಯಲ್ಲಿ, ಸಂತೆಯಲ್ಲಿ, ಸಿಕ್ಕವರಿಗೆಲ್ಲ ಅದೇ ಪ್ರಶ್ನೆ. ಮೀಸೆಯ ಮಾತು ನೆನಪಿಸಿದರೆ, ಅದು ಪಿಕ್ಚರ್ ಅಲ್ಲ, ಪಿಕ್ಚರ್ ಆಗಿದ್ದರೆ ಹಾಡು ಇರುತ್ತಿತ್ತು ಎಂದು ಜಾರಿಕೊಂಡ.

ಮಾರನೆಯ ದಿನ ಸರ್ ನಮ್ಮನ್ನು ಕಾಲೇಜಿನ ಹಿಂದಿನ ಎರೆ ಹೊಲಕ್ಕೆ ಕರೆದುಕೊಂಡು ಹೋದರು. ಬಿಳಿಜೋಳ ಎದೆಮಟ್ಟ ನಿಂತಿತ್ತು. ನೆಲ ಬಿರುಕು ಬಿಟ್ಟಿತ್ತು. ಮಳೆ ಹೋಗಿ ಎಷ್ಟೋ ದಿನವಾಗಿದೆ, ಈ ಜೋಳ ಯಾತರ ಮೇಲೆ ನಿಂತಿದೆ ಎಂದು ಕೇಳಿದರು. ನಮ್ಮ ಕಡೆ ಕೂಸಿಗೂ ಗೊತ್ತಿರುವ ಮಾತು. ಹಸಿಯ ಮೇಲೆ ಎಂದೆ. ಮಳೆಗಾಲದಲ್ಲಿ ಕುಡಿದ ನೀರನ್ನು ಕರಿಮಣ್ಣು ಒಳಗೆ ಹಿಡಿದಿಟ್ಟುಕೊಂಡಿರುತ್ತದಲ್ಲ, ಅದು ಹಸಿ.

“ಹಸಿ ಕಾಣತೈತೇನು ಕಣ್ಣಿಗೆ?”

“ಇಲ್ರಿ. ಬೆಳಿ ನೋಡಿದ್ರ ತಿಳೀತೈತ್ರಿ.”

“ನಿನ್ನಿ ಪಿಕ್ಚರನೂ ಹಂಗ. ಮಳಿ ತೋರಸೂ ಪಿಕ್ಚರ್ ಬ್ಯಾರೆ, ಹಸಿ ತೋರಸೂ ಪಿಕ್ಚರ್ ಬ್ಯಾರೆ. ಆಕಿ ಅತ್ತಳೇನು? ಇಲ್ಲ. ನಾವು ಎದೆ ಹಿಡಕೊಂಡು ಯಾಕ ಕುಂತಿದ್ವಿ ಮತ್ತ?” ಆಮೇಲೆ ನೆಲದ ಮೇಲೆ ಕುಕ್ಕರಿಸಿ ಕೂತು ನಮ್ಮನ್ನೂ ಕೂರಿಸಿದರು. ಕ್ಯಾಮೆರಾವೂ ಹೀಗೇ ಕೂತಿತ್ತು, ಊಟಕ್ಕೆ ಕೂತವರ ಎತ್ತರದಲ್ಲಿ, ನೋಡಿದಿರಾ ಎಂದರು. ನಿಂತು ನೋಡುವವನು ಯಜಮಾನ, ಕೂತು ನೋಡುವವನು ಮನೆಯವನು. ಅದಕ್ಕೇ ಆ ಮನೆ ನಮ್ಮ ಮನೆಯ ಹಾಗೆ ಅನಿಸಿತು ಎಂದರು. ಕೂತಾಗ ಜೋಳದ ದಂಟಿನ ನಡುವೆ ಬೆಳಕು ಬೇರೆಯೇ ಕಂಡಿತು. ಹುಡುಗರು ಅವರಿಗೆ ‘ಹಸಿ ಸರ್’ ಎಂದು ಹೆಸರಿಟ್ಟದ್ದು ಅವತ್ತಿನಿಂದ. ನಾನು ಅವರ ಬೆನ್ನು ಹತ್ತಿದ್ದೂ ಅವತ್ತಿನಿಂದ.

ಡಬ್ಬಿ ಮರಳಿಸುವ ಮೊದಲು ಅದನ್ನು ಮುದ್ದೇಬಿಹಾಳಕ್ಕೂ ಒಯ್ದೆವು. ಸರ್ ಗೆಳೆಯರಾದ ಒಬ್ಬ ವಕೀಲರು ಕಾಳಿನ ಗೋದಾಮು ಕೊಡಿಸಿದ್ದರು. ಅಲ್ಲಿ ರೀಲುಗಳು ಹಿಂದುಮುಂದಾದವು. ಕಿರಿಯಳು ಹೋಗುವ ರೀಲು ಮೊದಲು ಬಂತು, ಅದರ ಹಿಂದಿನದು ಆಮೇಲೆ ಬಂತು. ಹೋದವಳು ತಿರುಗಿ ಅಂಗಳದಲ್ಲಿ ಅಂಟು ಹಚ್ಚುತ್ತ ಕೂತದ್ದನ್ನು ಕಂಡು ಗೋದಾಮಿನಲ್ಲಿದ್ದ ಹೆಂಗಸರೆಲ್ಲ ಸಮಾಧಾನದ ಉಸಿರು ಬಿಟ್ಟರು. ಬಂದಳಲ್ಲ, ಚೊಲೊ ಆಯಿತು ಎಂದು ಒಬ್ಬಳು ಮುದುಕಿ ಎಲೆಯಡಿಕೆ ಬಿಚ್ಚಿದಳು. ಮಶಿನ್ ನಿಲ್ಲಿಸಲೇ ಎಂದು ನಾನು ಸನ್ನೆ ಮಾಡಿದೆ. ಸರ್ ಬೇಡ ಎಂದು ಕೈ ಆಡಿಸಿದರು. ಕಡೆಯ ರೀಲು ಬಂತು. ಹಿರಿಯಳು ಒಬ್ಬಳೇ. ಕಿರಿಯಳು ಇಲ್ಲ. ಈ ಸಲ ಹೋದದ್ದನ್ನು ಯಾರೂ ತೋರಿಸಿಲ್ಲ. ಆ ಮುದುಕಿ ಬಾಯಲ್ಲಿ ಎಲೆ ಇಟ್ಟುಕೊಂಡೇ, “ಎಲ್ಲಿ ಹ್ವಾದ್ಲವ್ವಾ?” ಎಂದು ಮೆಲ್ಲಗೆ ಕೇಳಿದಳು.

ಮರಳುವ ಬಸ್ಸಿನಲ್ಲಿ ಸರ್ ಡಬ್ಬಿಯನ್ನು ಮತ್ತೆ ತೊಡೆಯ ಮೇಲೆ ಇಟ್ಟುಕೊಂಡರು. ಆಮೇಲೆ ಅಂದರು: “ಕಥಿ ತಪ್ಪಿತು ಬೀರಪ್ಪ, ಹಸಿ ತಪ್ಪಲಿಲ್ಲ.”

ಸರ್‌ಗೆ ಒಂದು ಆಸೆ ಇತ್ತು. ಪುಣೆಯಲ್ಲಿ ಬೇಸಿಗೆಗೊಮ್ಮೆ, ಸಿನಿಮಾ ನೋಡುವುದನ್ನೇ ಕಲಿಸುವ ಒಂದು ತರಬೇತಿ ನಡೆಯುತ್ತಿತ್ತು. ಪದವಿ ಪಡೆದವರಿಗೆ ಮಾತ್ರ. ದಿನವಿಡೀ ದೇಶದೇಶದ ಚಿತ್ರ, ಅವುಗಳ ಮೇಲೆ ಮಾತು, ಕಡೆಗೆ ಒಂದು ಸರ್ಟಿಫಿಕೇಟು. ಅಲ್ಲಿಗೆ ಹೋಗಬೇಕೆಂದು ಸರ್ ವರ್ಷವರ್ಷ ಹೇಳುವರು. ಒಂದು ಬೇಸಿಗೆ ಪರೀಕ್ಷೆಯ ಪೇಪರು ತಿದ್ದುವ ಕೆಲಸ, ಒಂದು ಬೇಸಿಗೆ ಗಂಗಕ್ಕನ ಜಡ್ಡು, ಒಂದು ಬೇಸಿಗೆ ಹೊಲದ ತಕರಾರು. ನಾನು ಕಡೆಯ ವರ್ಷಕ್ಕೆ ಬಂದಾಗ ಅವರಿಗೆ ಎಲ್ಲ ಕೂಡಿ ಬಂತು. ಕಾಲೇಜು ರಜೆ ಕೊಟ್ಟಿತು. ಆದರೆ ಅಷ್ಟರಲ್ಲಿ ಅವರು ಮೆಟ್ಟಿಲು ಎಡವಲು ಶುರು ಮಾಡಿದ್ದರು.

ಮಿರಜಿಗೆ ಅವರನ್ನು ಕರೆದುಕೊಂಡು ಹೋದವನು ನಾನೇ. ಕಣ್ಣಿನ ನರ ಒಣಗುತ್ತಿದೆ, ಹೋದದ್ದು ತಿರುಗಿ ಬರುವುದಿಲ್ಲ, ಇದ್ದದ್ದು ಎಷ್ಟು ದಿನವೋ ಹೇಳಲಾಗದು ಎಂದರು ಡಾಕ್ಟರು. ಮರಳಿ ಬರುವಾಗ ವಿಜಾಪುರದ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತ ಸರ್ ನಕ್ಕರು. ಈ ಕಣ್ಣೂ ಹಿಂಗಾರಿ ಹೊಲ, ಹಸಿ ಮುಗಿಯಿತು ಎಂದರು. ನನಗೆ ನಗು ಬರಲಿಲ್ಲ.

“ನಿನಗೊಂದ ಖರೆ ಹೇಳ್ತೇನಿ. ಪರದೇ ಕೆಳಗಿನ ಅಕ್ಷರ ನನಗಽ ಮಸಕ ಕಾಣತಿದ್ವು, ಆವಾಗಿಂದಽ. ಹುಡುಗೂರ ಮುಂದ ಹೆಂಗ ಹೇಳೂದು? ನಾಚಿಕ್ಯಾತು. ಕಂಬಳಿ ಹಾಕಿಸಿದೆ.” ಚಹಾದ ಕಪ್ಪು ಕೆಳಗಿಡಲು ಬೆಂಚಿನ ಅಂಚನ್ನು ಕೈಯಿಂದ ಹುಡುಕಿದರು. “ಮುಚ್ಚಿದ ಮ್ಯಾಲ ನೋಡಿದ್ರ, ಪಿಕ್ಚರ್ ಮೊದಲಿಗಿಂತ ಚೊಲೊ ಕಾಣಾಕ ಹತ್ತಿತು. ಸುಳ್ಳ ಹೇಳಾಕ ಹ್ವಾದಾಂವಗ ಖರೇದ್ದ ಸಿಕ್ತು ನೋಡು.”

ಪುಣೆಗೆ ಇನ್ನು ತಾವು ಹೋಗಿ ಮಾಡುವುದೇನು ಎಂದರು. ನೀನು ಬಿ.ಎ. ಪಾಸಾಗು, ಈ ಬೇಸಿಗೆಯೇ ಹೋಗು, ನೋಡಿ ಬಂದು ನನಗೆ ಹೇಳು ಎಂದರು. ಬಸ್ಸು ಬಂದು ನಿಂತಿತ್ತು. ಹತ್ತುವ ಮೊದಲು ನನ್ನ ತೋಳು ಹಿಡಿದು, “ನಿನ್ನ ಮಾರಿ ನನಗ ಇನ್ನೂ ಕಾಣೂವಾಗಽ ಬಾ” ಎಂದರು.

ಆ ಬೇಸಿಗೆ ನಾನು ಇಂಗ್ಲಿಷಿನಲ್ಲಿ ನಪಾಸಾದೆ.

ರಾತ್ರಿ ಹಗಲು ಓದಿದ್ದೆ. ಆದರೆ ಮನೆಯಲ್ಲಿ ಒಬ್ಬರೂ ಅಕ್ಷರ ಕಾಣದವನಿಗೆ ಇಂಗ್ಲಿಷು ಬಂಡೆ ಇದ್ದ ಹಾಗೆ. ನಾ ಹೇಳಿರಲಿಲ್ಲವೇ ಎಂದ ದೊಡ್ಡಪ್ಪ. ಈ ಸಲ ಅವನ ದನಿಯಲ್ಲಿ ಗೆದ್ದ ಖುಷಿ ಇರಲಿಲ್ಲ. ಸರ್ ಮಾತ್ರ ಬೇಸರ ತೋರಿಸಲಿಲ್ಲ. “ಓದಬ್ಯಾಡ ಅಂದದ್ದು ಪಿಕ್ಚರಿಗೆ ಮಾರಾಯಾ, ಪರೀಕ್ಷಾಕ್ಕಲ್ಲ” ಎಂದು ನಕ್ಕು, ಅವತ್ತಿನಿಂದಲೇ ಸಂಜೆ ಮನೆಗೆ ಕರೆದು ಕಲಿಸಲು ಕೂತರು. ನಾನು ಓದುವುದು, ಅವರು ಕಣ್ಣು ಮುಚ್ಚಿ ಕೇಳಿ ತಿದ್ದುವುದು. ಗಂಗಕ್ಕ ಒಲೆಯ ಮುಂದಿನಿಂದಲೇ, ನನ್ನ ಇಂಗ್ಲಿಷಿಗಿಂತ ತನ್ನ ರೊಟ್ಟಿ ಬಡಿಯುವ ಸಪ್ಪಳ ವಾಸಿ ಎನ್ನುವಳು. ದಿನಗಳೆದಂತೆ ಸರ್ ಕಂದೀಲು ಹಚ್ಚುವುದು ಯಾವಾಗ ಎಂದು ಕೇಳತೊಡಗಿದರು. ಹಚ್ಚಿದ ದೀಪ ಅವರ ಮುಂದೆಯೇ ಇರುತ್ತಿತ್ತು.

ಅಕ್ಟೋಬರದ ಪರೀಕ್ಷೆಯಲ್ಲಿ ಪಾಸಾದೆ. ನಮ್ಮ ಮನೆತನಕ್ಕೆ, ನಮ್ಮ ಓಣಿಗೆ ನಾನೇ ಮೊದಲ ಬಿ.ಎ. ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆ ಇಲ್ಲ. ದೊಡ್ಡಪ್ಪ ಒಂದು ಟಗರು ಕಡಿಸಿ ಊರಿಗೆ ಊಟ ಹಾಕಿದ. ಆದರೆ ಪುಣೆಯ ತರಬೇತಿ ಇರುವುದು ಬೇಸಿಗೆಗೆ. ಕಾಯಬೇಕಾಯಿತು. ಆ ಚಳಿಗಾಲದಲ್ಲಿ ಸರ್ ನೌಕರಿ ಬಿಟ್ಟು ಅಕ್ಕನ ಜೊತೆ ಇಂಗಳೇಶ್ವರಕ್ಕೆ ಹೋದರು. ಬೀಳ್ಕೊಡುವಾಗ ಅವರು ನನ್ನ ಮಾರಿ ನೋಡಲಿಲ್ಲ, ದನಿ ಬಂದ ಕಡೆ ನೋಡಿದರು.

ಪುಣೆಯಲ್ಲಿ ನಾನು ಕಂಡದ್ದನ್ನೆಲ್ಲ ಬರೆಯಲು ಇದು ಜಾಗವಲ್ಲ. ಅಲ್ಲಿದ್ದವರು ದೊಡ್ಡ ಊರುಗಳ ಮಂದಿ, ಚಿತ್ರ ಮುಗಿಯುವುದೇ ತಡ ಪಟಪಟ ಇಂಗ್ಲಿಷಿನಲ್ಲಿ ಮಾತಾಡುವವರು. ನಾನು ಮಾತಾಡಿದ್ದು ಕಡಿಮೆ. ಆದರೆ ನೋಡುವುದರಲ್ಲಿ ಹಿಂದೆ ಬೀಳಲಿಲ್ಲ. ಒಂದು ದಿನ ಪರದೆಯ ಮೇಲೆ ಕಾಗದದ ಛತ್ರಿಗಳು ಬಿಚ್ಚಿಕೊಂಡವು. ಅದೇ ಅಂಗಳ, ಅದೇ ಮೆಟ್ಟಿಲು. ಕೆಳಗೆ ಕಂಬಳಿ ಇರಲಿಲ್ಲ. ಈಗ ನನಗೆ ಆ ಅಕ್ಷರ ಓದಲು ಬರುತ್ತಿತ್ತು. ಸರ್ ಕಲಿಸಿದ್ದರು. ಓದಿದೆ. ಅವರು ಅಕ್ಕತಂಗಿಯರೇ ಅಲ್ಲ. ಕಿರಿಯಳು ಆ ಮನೆಗೆ ದುಡಿಯಲು ಬಂದ ಆಳುಮಗಳು. ಮನೆ ಇಳಿಮುಖವಾಗಿ ಅವಳನ್ನು ಇಟ್ಟುಕೊಳ್ಳಲು ಆಗದೆ ಕಳಿಸುತ್ತಾರೆ. ಸಿಂದಗಿ, ಮುದ್ದೇಬಿಹಾಳಗಳಲ್ಲಿ ನಾವು ಕಟ್ಟಿದ ಕಥೆಯೆಲ್ಲ ಸುಳ್ಳು. ಕಡೆಗೆ ಛತ್ರಿ ಉರುಳಿತು. ನನ್ನ ಎದೆ ಮಾತ್ರ ಸಿಂದಗಿಯಲ್ಲಿ ಹಿಡಿದುಕೊಂಡ ಹಾಗೆಯೇ ಹಿಡಿದುಕೊಂಡಿತು.

ತರಬೇತಿ ಮುಗಿದದ್ದೇ, ನಮ್ಮೂರಿಗೂ ಹೋಗದೆ ಬಾಗೇವಾಡಿಗೆ ಬಂದು ಇಂಗಳೇಶ್ವರದ ಬಸ್ಸು ಹಿಡಿದೆ. ಮಧ್ಯಾಹ್ನದ ಬಿಸಿಲು. ಸರ್ ಪಡಸಾಲೆಯಲ್ಲಿ ಬಾಗಿಲಿಗೆ ಮುಖ ಮಾಡಿ ಕೂತಿದ್ದರು. ನಾನು ಹೊಸ್ತಿಲ ಮೇಲೆ ನಿಂತೆ. ಮಾತಾಡುವ ಮೊದಲೇ, “ಬೀರಪ್ಪ ಏನು? ಅಲ್ಲೇ ನಿಂದರು” ಎಂದರು. ಬೆಳಕಿಗೆ ಅಡ್ಡ ನಿಂತರೆ ಅವರಿಗೆ ಇನ್ನೂ ಒಂದು ಕರಿ ಆಕಾರ ಕಾಣುತ್ತಿತ್ತಂತೆ. ಅಷ್ಟೇ ಉಳಿದದ್ದು. ನೀನೂ ಈಗ ಜಪಾನದ ಪಿಕ್ಚರಿನ ಹಾಗೆಯೇ, ಬರೀ ಕಪ್ಪು-ಬಿಳುಪು ಎಂದರು. ಮಾರಿ ಕಾಣುವಾಗಲೇ ಬಾ ಎಂದಿದ್ದನ್ನು ಅವರು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಚಿತ್ರಗಳನ್ನು ಒಂದೊಂದಾಗಿ ಹೇಳಿದೆ. ಕಥೆ ಬೇಡ, ಬೆಳಕು ಎತ್ತಲಿಂದ ಬಂತು ಹೇಳು ಎನ್ನುವರು. ಬಾಗಿಲು ಎಷ್ಟು ತೆರೆದಿತ್ತು, ಹೆಂಗಸು ಎಷ್ಟು ಹೊತ್ತು ಸುಮ್ಮನಿದ್ದಳು, ಗಾಳಿ ಯಾವುದಕ್ಕೆ ಮೊದಲು ತಾಗಿತು. ಛತ್ರಿಯ ಚಿತ್ರಕ್ಕೆ ಬಂದಾಗ ನಾನು ತಡವರಿಸಿದೆ. ಕಡೆಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ.

“ಆಳಮಗಳು?” ಎಂದು ಸರ್ ಮುಂದಕ್ಕೆ ಬಾಗಿದರು. “ಹಂಗಾರ ಇನ್ನೂ ಒಜ್ಜಾತಲ್ಲೋ. ತಂಗಿ ಆಗಿದ್ರ ಪಂಚಮಿಗೆ ತವರಿಗೆ ಬರತಿದ್ಲು. ಆಳಮಗಳು ಯಾವ ನೆವಾ ಮಾಡಿ ಬರಬೇಕು?”

ಗಂಗಕ್ಕ ನೀರು ತಂದು ಅಲ್ಲೇ ನಿಂತಿದ್ದಳು. ಒಂದು ಚಿತ್ರವನ್ನೂ ನೋಡಿದವಳಲ್ಲ. ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಅವಳೂ ಆ ಹೆಣ್ಣುಮಗಳ ಬಗ್ಗೆಯೇ ವಿಚಾರ ಮಾಡುತ್ತಿದ್ದ ಹಾಗೆ ಕಂಡಿತು.

ಅದು ನಮ್ಮ ಕೊನೆಯ ಭೇಟಿ ಎಂದು ನನಗೆ ಗೊತ್ತಿರಲಿಲ್ಲ. ಅದೇ ಮಳೆಗಾಲದಲ್ಲಿ ಸರ್ ಹೋದರು. ಮುಂದೆ ನಾನೂ ಮಾಸ್ತರನಾದೆ. ನಮ್ಮ ಸಾಲೆಯ ಕೋಣೆಗೆ ಎಂದೂ ಪರದೆ ಬರಲಿಲ್ಲ. ನೆರಳು ಬಂದಾಗ ಮಾತ್ರ ಪಾಠ ನಿಲ್ಲಿಸುತ್ತಿದ್ದೆ.

ಅವತ್ತು ಇಂಗಳೇಶ್ವರದಿಂದ ಹೊರಡುವ ಮೊದಲು ಚೀಲದಿಂದ ಸರ್ಟಿಫಿಕೇಟು ತೆಗೆದೆ. ಇದು ನಿಮ್ಮದೇ ಸರ್, ನಿಮ್ಮ ಹತ್ತಿರವೇ ಇರಲಿ ಎಂದು ಅವರ ಎರಡೂ ಕೈಯಲ್ಲಿ ಇಟ್ಟೆ. ಸರ್ ಅದನ್ನು ತಲೆಕೆಳಗಾಗಿ ಹಿಡಿದಿದ್ದರು. ಬೆರಳು ಅಂಚಿನಿಂದ ಅಂಚಿಗೆ ಸರಿದು, ಉಬ್ಬಿದ ಮುದ್ರೆಯ ಮೇಲೆ ಬಂದು ನಿಂತಿತು. ಅದರಲ್ಲಿ ಏನು ಬರೆದಿದೆ ಎಂದು ಅವರಿಗೆ ತಿಳಿಯಲೆಂದು ನಾನು ಬಗ್ಗಿ ಮೊದಲ ಸಾಲು ಓದತೊಡಗಿದೆ.

ಗಂಗಕ್ಕ ನನ್ನ ಭುಜ ಮುಟ್ಟಿದಳು.

“ಓದಬ್ಯಾಡ ಬಿಡಪಾ. ಅವನ ಮಾರಿ ನೋಡು.”